ತುದಿ ಕತ್ತರಿಸದ ಕೂದಲು

ಜುಲೈ ತಿಂಗಳ ಒಂದು ಭಾನುವಾರ. ಗವಳಿದೇವ ಗುಡ್ಡದ ಜಲಪಾತ ಬರೆಯಲು ಹೊರಟಿದ್ದ ಇಬ್ಬರನ್ನು ಮಳೆ ಅಟ್ಟಿಸಿಕೊಂಡು ಬಂದು ನವಿ ಮುಂಬಯಿ ಮಹಾಪೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಯ ಚಹಾ ಟಪರಿಯೊಳಗೆ ನೂಕಿತ್ತು. ಒಬ್ಬರು ಇಲ್ಲಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಪಾಳಿ ಮಾಡಿ ನಿವೃತ್ತರಾದ ಉಡುಪಿ ಕಡೆಯವರು. ಇನ್ನೊಬ್ಬಳು ಮಿಲೆನಿಯಂ ಬಿಸಿನೆಸ್ ಪಾರ್ಕಿನಲ್ಲಿ ಕಂಪ್ಯೂಟರ್ ಕೆಲಸದ ಧಾರವಾಡ ಸೀಮೆಯ ಹುಡುಗಿ. ಕಟಿಂಗ್ ಚಹಾ ಹಿಡಿದು ಪಕ್ಕದ ಬೆಂಚಿನಲ್ಲಿ ಕೂತಿದ್ದ ನಾನು ಮೂರನೆಯವನು. ಈ ಕಡೆ ಕನ್ನಡ ಕಿವಿಗೆ ಬಿದ್ದರೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಮಾತು ಪೂರಾ ಅವರದೇ.

— ಕಾಕಾ, ನೋಡ್ರಿ, ಬ್ರಷ್ ಬಂದ್ವು. ಹನ್ನೆರಡು ಅದಾವ. ಎಲ್ಲಾ ಸೇರಿ 299 ರೂಪಾಯಿ.

— ಹನ್ನೆರಡಾ? ನಿನಗೆ ಕೈ ಎಷ್ಟುಂಟು ಮಾರಾಯ್ತಿ?

— ನಗಬ್ಯಾಡ್ರಿ ಮತ್ತ. ಪಾಕೀಟಿನ ಮ್ಯಾಲೆ ‘ಸೇಬಲ್’ ಅಂತ ಬರದಾರ. ಭಾಳ ಚಲೋ ಕೂದಲಾ ಅಂತ ಓದಿದ್ದೆ.

— ಹಾಗಾದ್ರೆ ಒಂದು ಎಳೆ ಕಿತ್ತು ಕೊಡು. ಒಂದೇ. ಭಾವೂ, ಜರಾ ಮಾಚಿಸ್ ದೇ... ಈಗ ನೋಡು. ಇದು ಪ್ರಾಣಿಯ ಕೂದಲೇ ಆದರೆ ಸುಟ್ಟ ತಲೆಕೂದಲಿನ ವಾಸನೆ ಬರಬೇಕು, ಮುಟ್ಟಿದರೆ ಬೂದಿ ಪುಡಿಯಾಗಬೇಕು. ಎಂತಾಯ್ತು?

— ಮುದುಡಿತು. ತುದಿಗೆ ಸಣ್ಣ ಗುಂಡು ಆತು. ಗಟ್ಟಿ ಐತಿ.

— ಪ್ಲಾಸ್ಟಿಕ್. ಒಳ್ಳೆಯದೇ ಆಯ್ತು.

— ಒಳ್ಳೇದು ಹೆಂಗ್ರಿ? ನನಗ ಮೋಸ ಆತಲ್ಲ.

— ಮೋಸ ಆದದ್ದು ಹೆಸರಿನಲ್ಲಿ. ಈ ಕುಂಚಗಳ ಲೋಕದಲ್ಲಿ ಹೆಸರು ಯಾವುದೂ ಸರಿ ಇಲ್ಲ. ಸೇಬಲ್ ಕುಂಚದಲ್ಲಿ ಸೇಬಲ್ ಎಂಬ ಪ್ರಾಣಿ ಇಲ್ಲ. ಒಳ್ಳೆಯದು ಅಂತ ಹೆಸರಾದದ್ದು ಕೊಲಿನ್‌ಸ್ಕಿ. ಅದು ಸೈಬೀರಿಯಾ ಕಡೆಯ ಒಂದು ಜಾತಿಯ ವೀಸಲ್ ಪ್ರಾಣಿಯ ಬಾಲದ ಕೂದಲು. ಚಳಿಗಾಲದಲ್ಲಿ ಬೆಳೆದ ಕೂದಲಿಗೆ ಬೆಲೆ ಹೆಚ್ಚು. ‘ಕ್ಯಾಮೆಲ್ ಹೇರ್’ ಅಂತ ಮಾರ್ತಾರಲ್ಲ, ಅದರಲ್ಲಿ ಒಂಟೆಯದು ಒಂದು ಎಳೆಯೂ ಇರುವುದಿಲ್ಲ. ಅಳಿಲು, ಆಡು, ಕುದುರೆ, ಸಿಕ್ಕಿದ್ದು ಬೆರೆಸಿ ಕಟ್ಟಿರ್ತಾರೆ.

— ನಾ ಸಣ್ಣಾಕಿದ್ದಾಗ ಕ್ಯಾಮೆಲ್ ಬಣ್ಣದ ಡಬ್ಬಿ ನೋಡಿ ಒಂಟಿ ಕೂದಲಿಂದನ ಬ್ರಷ್ ಮಾಡ್ತಾರ ಅಂತ ತಿಳ್ಕೊಂಡಿದ್ದೆ.

— ಅದು ನಮ್ಮ ಮುಂಬಯಿಯದೇ ಕಂಪನಿ. ದಾಂಡೇಕರ್ ಮನೆತನದವರು 1931ರಲ್ಲಿ ಶಾಯಿ ಮಾಡಲು ಸುರು ಮಾಡಿದ್ದು. ಕ್ಯಾಮೆಲ್, ಇಂಕ್, ಎರಡೂ ಕೂಡಿ ಕ್ಯಾಮ್ಲಿನ್ ಆಯ್ತು. ಒಂಟೆ ಅಲ್ಲಿ ಚಿತ್ರಕ್ಕೆ ಮಾತ್ರ. ಇರಲಿ, ನಿನ್ನ ಕಟ್ಟು ಬಿಚ್ಚು. ಒಂದು ಲೋಟ ನೀರು ತಗೋ. ಕೂದಲು ಯಾವುದು ಅಂತ ಕೇಳುವ ಮೊದಲು ನೀರು ಎಷ್ಟು ಹಿಡಿಯುತ್ತದೆ ಅಂತ ನೋಡಬೇಕು. ಜಲವರ್ಣದ ಕುಂಚ ಅಂದರೆ ಒಂದು ಪಾತ್ರೆ. ಕೂದಲಿನ ಪಾತ್ರೆ.

— ಪಾತ್ರಿ ಅಂದ್ರ?

— ತಲೆಗೆ ಎಣ್ಣೆ ಹಾಕಿ ಮಿಂದು ಬಂದಾಗ ಕೂದಲು ಜಡೆಗಟ್ಟಿ ನೀರು ತೊಟ್ಟಿಕ್ಕುವುದಿಲ್ಲವಾ, ಹಾಗೆ. ಎಳೆ ಎಳೆಯ ನಡುವಿನ ಸಂದಿಯಲ್ಲಿ ನೀರು ನಿಂತಿರ್ತದೆ. ಆ ನೀರೇ ಎಳೆಗಳನ್ನು ಒತ್ತಿ ಹಿಡಿದು ಒಂದು ಮೊನೆ ಮಾಡ್ತದೆ. ಒಣಗಿದ ಕುಂಚಕ್ಕೆ ಮೊನೆ ಇಲ್ಲ, ಅದು ಬರೀ ಪೊರಕೆ. ಕಾಗದಕ್ಕೆ ಮೊನೆ ತಾಗಿದ ಕೂಡಲೇ ಕಾಗದ ನೀರು ಎಳೆಯುತ್ತದೆ, ಹಿಂದಿನಿಂದ ಕುಂಚದ ಹೊಟ್ಟೆ ಕೊಡ್ತಾ ಹೋಗ್ತದೆ. ಒಳ್ಳೆಯ ಕುಂಚ ಅದನ್ನು ಒಂದೇ ಹದದಲ್ಲಿ ಕೊಡ್ತದೆ. ಕೆಟ್ಟದ್ದು ಮೊದಲ ತುತ್ತಿಗೇ ಎಲ್ಲ ಕಾರಿಕೊಂಡು ಬರಿದಾಗ್ತದೆ.

— ಕೂದಲಿನ ಬ್ರಷ್ ಹೆಚ್ಚು ನೀರು ಹಿಡೀತಾವ, ಪ್ಲಾಸ್ಟಿಕ್ ಕಡಿಮಿ ಹಿಡೀತಾವ ಅಂತಾರಲ್ಲ, ಅದು ಖರೇನಾ?

— ಖರೆ. ಕೂದಲಿನ ಮೈ ನಮ್ಮೂರಿನ ಹಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಸಣ್ಣ ಪದರ. ಆ ಒರಟಿನಲ್ಲಿ ನೀರು ಸಿಕ್ಕಿಕೊಳ್ತದೆ. ಇನ್ನೂ ಒಂದುಂಟು. ಕೂದಲು ಬುಡದಲ್ಲಿ ಸಪೂರ, ನಡುವೆ ದಪ್ಪ, ತುದಿಯಲ್ಲಿ ಮತ್ತೆ ಸಪೂರ. ನಡುವಿನ ಆ ದಪ್ಪ ಎಲ್ಲ ಸೇರಿ ಕುಂಚಕ್ಕೆ ಹೊಟ್ಟೆ ಬರ್ತದೆ. ಪ್ಲಾಸ್ಟಿಕ್ ಎಳೆ ಸುರುವಿನಲ್ಲಿ ಗಾಜಿನ ಕಡ್ಡಿಯ ಹಾಗೆ ನುಣ್ಣಗೆ, ಉದ್ದಕ್ಕೂ ಒಂದೇ ದಪ್ಪ. ಅದಕ್ಕೆ ಮೊನೆ ಬರಿಸುವುದು ಹೇಗೆ ಗೊತ್ತುಂಟಾ? ಅದು ನನ್ನ ಹಳೇ ಕಸುಬಿನ ವಿಷಯ.

— ಹೇಳ್ರಿ.

— ಬಿಸಿ ಕಾಸ್ಟಿಕ್ ಸೋಡಾ. ಪಾಲಿಯೆಸ್ಟರ್ ಎಳೆಗಳ ಕಟ್ಟಿನ ತುದಿಯನ್ನು ಅದರಲ್ಲಿ ಅದ್ದಿ ಹಿಡಿದರೆ ಮೈ ಪದರ ಪದರವಾಗಿ ಕರಗ್ತದೆ. ಹೆಚ್ಚು ಹೊತ್ತು ಮುಳುಗಿದ ಭಾಗ ಹೆಚ್ಚು ಸಪೂರ. ಮೆಲ್ಲ ಮೆಲ್ಲ ಮೇಲೆತ್ತಿದರೆ ಸೂಜಿಮೊನೆ. ನಾವು ಹಲ್ಲುಜ್ಜುವ ಚೂಪು ಎಳೆಯ ಬ್ರಷ್ಷಿಗೂ ಮೊನೆ ಹೀಗೆಯೇ ಬರುವುದು. ಮೂವತ್ತು ವರ್ಷ ಕಾಸ್ಟಿಕ್ಕಿನ ಡ್ರಮ್ಮುಗಳ ಮಧ್ಯೆಯೇ ಇದ್ದೆ. ಕೈಗೆ ಬಿದ್ದ ಒಂದು ಹನಿ ಎಂತ ಮಾಡ್ತದೆ ಅಂತ ಈ ಕಲೆ ನೋಡು. ಅದೇ ದ್ರವ ಕುಂಚಕ್ಕೆ ಮೊನೆ ಕೊಡ್ತದೆ ಅಂತ ತಿಳಿದದ್ದು ನಿವೃತ್ತನಾದ ಮೇಲೆ.

— ಹಂಗಾದ್ರ ಇದು ನಮ್ಮ ಎಂಐಡಿಸಿ ಬ್ರಷ್!

— ಎಲ್ಲಿಯದೋ ಯಾರಿಗೆ ಗೊತ್ತು. ಈಗ ಈ ಎಂಟನೇ ನಂಬರ್ ತಗೋ. ಗಟ್ಟಿ ಇರುವುದು ಅಂಟು, ಹೊಸತರಲ್ಲಿ ಮೊನೆ ಚಂದ ಕಾಣಲಿ ಅಂತ ಗೋಂದಿನಲ್ಲಿ ಅದ್ದಿರ್ತಾರೆ. ಅಂಗಡಿಯಲ್ಲಿ ಆ ಮೊನೆ ನೋಡಿ ಮರುಳಾಗಬಾರದು. ನೀರಿನಲ್ಲಿ ತೊಳೆದು ಗೋಂದು ಬಿಡಿಸು. ಹ್ಞಾಂ. ಈಗ ತುಂಬ ನೀರು ಹೀರಿಸಿ ಒಮ್ಮೆ ಜೋರಾಗಿ ಕೊಡವು. ನನ್ನ ಮೇಲೆ ಅಲ್ಲ.

— ಕೊಡವಿದೆ. ಒಂದ ಮೊನಿ ಆತು.

— ಪಾಸ್. ಈಗ ಉಗುರಿನ ಮೇಲೆ ಬಗ್ಗಿಸಿ ಬಿಡು. ನೆಟ್ಟಗಾಯ್ತಾ? ಅದು ಪುಟಿತ. ಕುತ್ತಿಗೆಯ ತಗಡು ಅಲ್ಲಾಡಿಸು. ಫೆರೂಲ್ ಅಂತಾರೆ ಅದಕ್ಕೆ. ಅಲ್ಲಾಡಿದರೆ ನಾಲ್ಕು ದಿನದಲ್ಲಿ ಒಳಗೆ ನೀರು ಹೋಗಿ ಕಟ್ಟಿಗೆ ಉಬ್ಬಿ ಬಣ್ಣ ಸಿಪ್ಪೆ ಏಳ್ತದೆ. ಇದು ಬಿಗಿ ಉಂಟು. ಇನ್ನು ಆ ಸಣ್ಣದು, ಸೊನ್ನೆ ನಂಬರು.

— ಇದು ಎರಡು ಕವಲಾತು ನೋಡ್ರಿ. ಹಾವಿನ ನಾಲಿಗಿ ಹಂಗ.

— ಆಚೆ ಇಡು. ಹೊಸಬರೆಲ್ಲ ಸಣ್ಣ ಕುಂಚ ತಗೊಳ್ತಾರೆ, ಸಣ್ಣ ಗೆರೆಗೆ ಸಣ್ಣ ಕುಂಚ ಅಂತ. ಸಣ್ಣ ಕುಂಚದ ಹೊಟ್ಟೆಯಲ್ಲಿ ನೀರೇ ಇಲ್ಲ, ಅರ್ಧ ಗೆರೆಗೆ ಒಣಗ್ತದೆ. ಒಳ್ಳೆಯ ಹತ್ತು ನಂಬರಿನ ಮೊನೆಯಲ್ಲಿ ಕಣ್ಣಿನ ರೆಪ್ಪೆ ಬರೆಯಬಹುದು, ಹೊಟ್ಟೆಯಲ್ಲಿ ಆಕಾಶ ತುಂಬಬಹುದು. ನಂಬರನ್ನೂ ನಂಬಬೇಡ. ಒಂದು ಕಂಪನಿಯ ಎಂಟು ಇನ್ನೊಂದು ಕಂಪನಿಯ ಆರು. ಕಣ್ಣಲ್ಲಿ ನೋಡಿ ತಗೋ. ವಿಕ್ಟೋರಿಯಾ ರಾಣಿ ಜಲವರ್ಣ ಬರೀತಿದ್ದಳು. 1866ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ಕಂಪನಿಗೆ ಅತ್ಯುತ್ತಮ ಕುಂಚ ಮಾಡಿಕೊಡಿ ಅಂತ ಹೇಳಿ ಕಳಿಸಿದ್ದಳಂತೆ. ಅವಳಿಗೆ ಇಷ್ಟದ ಅಳತೆ ಏಳು. ಆ ಮಾಲಿಕೆಯ ಹೆಸರು ಇವತ್ತಿಗೂ ಸೀರೀಸ್ ಏಳು. ರಾಣಿಗೂ ಸೊನ್ನೆ ನಂಬರು ಬೇಡವಾಗಿತ್ತು.

— ರಾಣಿ ಅಂದ ಕೂಡಲೆ ಅರಮನಿ ನೆನಪಾತು ನೋಡ್ರಿ. ನಮ್ಮ ಸಾಲೀಂದ ಮೈಸೂರಿಗೆ ಟ್ರಿಪ್ ಹೋಗಿದ್ವಿ. ಜಗನ್ಮೋಹನ ಅರಮನ್ಯಾಗ ದೀಪ ಹಿಡಕೊಂಡ ಹೆಣ್ಣಮಗಳ ಚಿತ್ರ. ಕತ್ತಲ್ಯಾಗ ನಿಂದ್ರಿಸಿ ತೋರಸ್ತಾರ. ರವಿವರ್ಮಂದು ಅಂತ ಮಾಸ್ತರು ಹೇಳಿದ್ದರು.

— ಎಷ್ಟೋ ಜನ ಹಾಗೆ ಹೇಳ್ತಾರೆ. ಅದು ಸಾವಂತವಾಡಿಯಲ್ಲಿ ಹುಟ್ಟಿದ ಎಸ್.ಎಲ್. ಹಳದಣಕರ್ ಅವರದ್ದು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ದೀಪ ಹಿಡಿದು ನಿಂತವಳು ಅವರ ಮಗಳೇ. ಮುಖ್ಯ ಸಂಗತಿ, ಅದು ತೈಲವರ್ಣ ಅಲ್ಲ, ಜಲವರ್ಣ.

— ನೀರಿನ ಬಣ್ಣಾನ? ಅಷ್ಟು ಕತ್ತಲಿ?

— ಅಷ್ಟು ಕತ್ತಲೆ. ಬೆರಳ ಸಂದಿಯಿಂದ ಸೋರುವ ಆ ಬೆಳಕು ಉಂಟಲ್ಲ, ತೈಲವರ್ಣದಲ್ಲಿ ಆದರೆ ಕೊನೆಗೆ ಒಂದಿಷ್ಟು ಬಿಳಿ ಬಣ್ಣ ಮೆತ್ತಿ ತರಬಹುದು. ಜಲವರ್ಣದಲ್ಲಿ ಬೆಳಕು ಅಂದರೆ ಬಿಟ್ಟ ಕಾಗದ. ಮೊದಲೇ ಲೆಕ್ಕ ಹಾಕಿ, ಸುತ್ತ ಕತ್ತಲೆ ತುಂಬಿಕೊಂಡು ಬಂದು, ಬೆಳಕಿನ ಅಂಚಿಗೆ ಕುಂಚ ನಿಲ್ಲಬೇಕು. ಕೂದಲೆಳೆ ದಾಟಿದರೆ ಹೋಯ್ತು. ಆ ಅಂಚಿನ ಕೆಲಸ ಹೊಟ್ಟೆ ತುಂಬ ನೀರು ಹೊತ್ತೂ ಮೊನೆ ಬಿಡದ ಕುಂಚದಿಂದ ಮಾತ್ರ ಆಗ್ತದೆ. ಆ ಚಿತ್ರದ ಎದುರು ನಿಂತಾಗೆಲ್ಲ ನಾನು ನೋಡುವುದು ಅವಳ ಮುಖವನ್ನಲ್ಲ, ಆ ಅಂಚನ್ನು.

— ಕಾಕಾ, ಒಂದು ಕೇಳ್ಲಾ? ಆಗಳೇ ಪ್ಲಾಸ್ಟಿಕ್ ಅಂತ ತಿಳದಾಗ ‘ಒಳ್ಳೆಯದೇ ಆಯ್ತು’ ಅಂದ್ರಿ. ಯಾಕ?

(ಇಲ್ಲಿ ಆ ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಜೋರಾಗಿತ್ತು, ಅದಕ್ಕೂ ಇರಬಹುದು.)

— ನನ್ನ ಹತ್ತಿರ ಮೂರು ಕುಂಚ ಇದ್ದವು. ತೊಂಬತ್ತರ ದಶಕದಲ್ಲಿ ಕೊಂಡದ್ದು. ಅಂಗಡಿಯವ ‘ನ್ಯಾಚುರಲ್ ಹೇರ್’ ಅಂದಿದ್ದ, ನಾನು ಯಾವ ಪ್ರಾಣಿ ಅಂತ ಕೇಳಲಿಲ್ಲ. ಒಳ್ಳೆಯ ಪುಟಿತ, ಎಷ್ಟು ತಿಕ್ಕಿದರೂ ಸವೆಯದ ಕೂದಲು. ಒಂದೊಂದು ಎಳೆಯಲ್ಲೂ ಬಣ್ಣದ ಪಟ್ಟೆ, ಬುಡ ಕಂದು, ನಡುವೆ ಕೆನೆ, ತುದಿ ಮತ್ತೆ ಕಂದು. ಆ ಪಟ್ಟೆಯೇ ಚಂದ ಅಂತ ಮನೆಗೆ ಬಂದವರಿಗೆಲ್ಲ ತೋರಿಸ್ತಿದ್ದೆ. ಹತ್ತು ಹದಿನೈದು ವರ್ಷ ಅದರಲ್ಲೇ ಬರೆದೆ.

— ಯಾವ ಪ್ರಾಣಿದು?

— ಮುಂಗುಸಿ.

— ಅಯ್ಯ!

— ಊರಿನಲ್ಲಿ ನಮ್ಮ ಬೇಲಿಯ ಬುಡದಲ್ಲಿ ಬೆಳಗ್ಗೆ ಮುಂಗುಸಿ ಕಂಡರೆ ದಿನ ಒಳ್ಳೆಯದು ಅಂತ ಅಮ್ಮ ಹೇಳ್ತಿದ್ದರು. ನಾನು ಅದರ ಕೂದಲಿನಿಂದ ಆ ಬೇಲಿಯದ್ದೇ ಚಿತ್ರ ಬರೆದಿದ್ದೇನೆ. ಅದು ಮುಂಗುಸಿಯ ಕೂದಲು ಅಂತ ಪೇಪರಿನಲ್ಲಿ ಓದಿದಾಗ ತಿಳಿದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮುಂಗುಸಿಗೆ ರಕ್ಷಣೆ ಉಂಟು. ಕೊಲ್ಲುವುದು ಮಾತ್ರ ಅಲ್ಲ, ಅದರ ಕೂದಲಿನ ವ್ಯಾಪಾರವೂ ಅಪರಾಧ, ಜೈಲು. ಆದರೂ ನಿಲ್ಲಲಿಲ್ಲ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋದವರು ‘ಆಪರೇಷನ್ ಕ್ಲೀನ್ ಆರ್ಟ್’ ಅಂತ ಹೆಸರಿಟ್ಟು ಹಲವು ರಾಜ್ಯಗಳಲ್ಲಿ ದಾಳಿ ಮಾಡಿದರು. ಸಾವಿರಗಟ್ಟಲೆ ಕುಂಚ ಸಿಕ್ಕಿದವು. ಉತ್ತರ ಪ್ರದೇಶದ ಬಿಜನೋರ್ ಜಿಲ್ಲೆಯಲ್ಲಿ ಶೇರ್‌ಕೋಟ್ ಅಂತ ಪೇಟೆ ಉಂಟು, ಕುಂಚ ಕಟ್ಟುವುದೇ ಆ ಊರಿನ ಕಸುಬು. ಮನೆ ಮನೆಯಲ್ಲಿ ಅದರಿಂದಲೇ ಅನ್ನ. ಅಲ್ಲಿಗೂ ದಾಳಿ ಹೋಗಿತ್ತು.

— ಒಂದು ಮುಂಗುಸಿಂದ ಎಷ್ಟು ಕೂದಲಾ ಬಂದೀತು?

— ವನ್ಯಜೀವಿ ಸಂಘಟನೆಗಳವರು ಹೇಳುವ ಲೆಕ್ಕ, ಒಂದು ಕಿಲೋ ಕೂದಲಿಗೆ ಐವತ್ತರಷ್ಟು ಮುಂಗುಸಿ. ಬಲೆಗೆ ಬೀಳಿಸಿ ಹೊಡೆದು ಕೊಲ್ತಾರೆ. ಕತ್ತರಿಸಿಕೊಂಡು ಬಿಟ್ಟುಬಿಡುವ ಕೂದಲಲ್ಲ ಅದು. ನಾನು ಆ ಮೂರೂ ಕುಂಚ ಟೆರೇಸಿಗೆ ತಗೊಂಡು ಹೋಗಿ ಸುಟ್ಟೆ. ಈಗ ನಿನ್ನ ಎಳೆ ಸುಟ್ಟೆನಲ್ಲ, ಹಾಗೆಯೇ. ಸುಟ್ಟ ಕೂದಲಿನ ವಾಸನೆ ಬಂತು. ಆಮೇಲೆ ಎರಡು ತಿಂಗಳು ನಾನು ಎಂತದೂ ಬರೆಯಲಿಲ್ಲ. ಅದಕ್ಕೇ ನಿನ್ನದು ಮಣಿಗಟ್ಟಿದಾಗ ಒಳ್ಳೆಯದಾಯ್ತು ಅಂದೆ. ಯಾವ ಪ್ರಾಣಿ ಅಂತ ಹೇಳದೆ ‘ಅಸಲಿ ಕೂದಲು’ ಅಂತ ಮಾತ್ರ ಹೇಳುವ ಅಂಗಡಿಯಿಂದ ಎದ್ದು ಬಾ. ಅಷ್ಟು ಸಾಕು.

— ಹಂಗಾದ್ರ ಹಿಂದಿನವರು ಏನ್ ಮಾಡ್ತಿದ್ದರು? ಅವರ ಬ್ರಷ್ ಎಲ್ಲಾ ಕೂದಲಿಂದನ ಅಲ್ಲೇನು?

— ಕೂದಲಿನದೇ. ಈಗ ನಾವು ಕೂತಲ್ಲಿಂದ ಶಿಳ್ ಫಾಟಾ ದಾಟಿ ಹೋದರೆ ಕಲ್ಯಾಣ. ಇದು ಲೋಕಲ್ ಟ್ರೇನಿನ ಕಲ್ಯಾಣ. ನಮ್ಮ ಕಲ್ಯಾಣ ಬೇರೆ ಉಂಟು, ಬೀದರದ ಹತ್ತಿರದ್ದು. ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಹೊತ್ತಿಗೆ ‘ಮಾನಸೋಲ್ಲಾಸ’ ಅಂತ ಒಂದು ಗ್ರಂಥ ಮಾಡಿದ. ಅಡುಗೆ, ಆನೆ, ಆಟ, ಸಂಗೀತ, ಎಲ್ಲ ಉಂಟು ಅದರಲ್ಲಿ. ಚಿತ್ರ ಬರೆಯುವುದೂ ಉಂಟು, ಗೋಡೆಗೆ ಲೇಪ ಹೇಗೆ, ಬಣ್ಣ ಹೇಗೆ, ಕುಂಚ ಹೇಗೆ ಅಂತ. ಕುಂಚಕ್ಕೆ ಅವನು ಹೇಳುವುದು ಕರುವಿನ ಕಿವಿಯ ಕೂದಲು. ಅರಗಿನಲ್ಲಿ ಅಂಟಿಸಬೇಕು ಅಂತಾನೆ.

— ಕರುವಿನ ಕಿವಿ! ನಮ್ಮ ಮನಿ ಕರಾ ಕಿವಿ ಮುಟ್ಟಿಸಿಕೊಳ್ಳೂದ ಇಲ್ಲ.

— ಮುಟ್ಟಿ ನೋಡಿದ್ದೀಯಲ್ಲ, ಹೇಗಿರ್ತದೆ? ಮೆತ್ತಗೆ. ಕತ್ತರಿ ಕಾಣದ ಕೂದಲು. ಆಮೇಲೆ ಕೇರಳದ ಶ್ರೀಕುಮಾರ ಬರೆದ ‘ಶಿಲ್ಪರತ್ನ’ದಲ್ಲಿ ಇನ್ನೂ ವಿವರ ಉಂಟು. ದಪ್ಪ ಕುಂಚಕ್ಕೆ ಕರುವಿನ ಕಿವಿಯ ಕೂದಲು, ಮಧ್ಯಮಕ್ಕೆ ಆಡಿನ ಹೊಟ್ಟೆಯ ಕೂದಲು, ಸೂಕ್ಷ್ಮಕ್ಕೆ ಸಣ್ಣ ಪ್ರಾಣಿಯ ಬಾಲದ ಕೂದಲು ಅಥವಾ ಹುಲ್ಲಿನ ತುದಿ. ಮೈಸೂರು ಶೈಲಿಯ ಚಿತ್ರಗಾರರೂ ಅಳಿಲಿನ ಕೂದಲು ಬಳಸಿದವರು. ತೀರಾ ಸಪೂರ ಗೆರೆಗೆ ಅವರಲ್ಲೂ ಒಂದು ಜಾತಿಯ ಹುಲ್ಲಿನ ಎಸಳೇ. ಹುಲ್ಲಿಗೆ ಸಾಯುವ ಭಯ ಇಲ್ಲ ನೋಡು.

— ಇಲ್ಲಿ ವಾರ್ಲಿ ಆದಿವಾಸಿಗಳು ಬಿದಿರಿನ ಕಡ್ಡಿ ಕಡದು ಬರೀತಾರ ಅಂತ ಕೇಳೇನಿ.

— ಅದೇ ಮತ್ತೆ. 2014ರ ತನಕ ಅವರ ಹೆಚ್ಚಿನ ಊರುಗಳು ಇದೇ ಠಾಣೆ ಜಿಲ್ಲೆಯಲ್ಲಿದ್ದವು, ಈಗ ಪಾಲ್ಘರ್ ಆಗಿದೆ. ಬಿದಿರು ಕಡ್ಡಿಯ ತುದಿ ಜಗಿದು ನಾರು ಬಿಡಿಸಿದರೆ ಅದೇ ಕುಂಚ. ಅಕ್ಕಿ ಹಿಟ್ಟೇ ಬಣ್ಣ. ಅವರಲ್ಲೇ ಒಬ್ಬರು ಜಿವ್ಯಾ ಸೋಮಾ ಮಾಶೆ, ಆ ಕಡ್ಡಿ ಹಿಡಿದುಕೊಂಡೇ ಲೋಕ ಸುತ್ತಿದರು, 2011ರಲ್ಲಿ ಪದ್ಮಶ್ರೀ ಬಂತು. ನಾನು ಬೇವಿನ ಕಡ್ಡಿಯಲ್ಲಿ ಪ್ರಯತ್ನ ಮಾಡಿದೆ. ಹಲ್ಲು ಶುದ್ಧವಾಯ್ತು, ಚಿತ್ರ ಆಗಲಿಲ್ಲ.

— ಹಂಗಾದ್ರ ನಾನೂ ಒಂದು ಬ್ರಷ್ ಮಾಡಬಹುದು?

— ಮಾಡಬಹುದು. ನಾನು ಮಾಡಿದ್ದು ಉಂಟು. ಈ ಡಬ್ಬಿ ತೆಗೆ. ಆ ಬಿದಿರಿನ ಹಿಡಿಯದ್ದು.

— ಇದು ಭಾಳ ಮೆತ್ತಗೈತಿ. ರೇಷ್ಮಿ ಹಂಗ. ಯಾವ ಪ್ರಾಣಿದು?

— ನನ್ನ ಮೊಮ್ಮಗನದ್ದು!

— ಹ್ಞಾಂ?!

— ಅವನ ಚೌಲದ ಕೂದಲು. ಮೊದಲ ಸಲ ತೆಗೆದದ್ದು. ಎಲ್ಲರೂ ಹೊಳೆಗೆ ಬಿಡುವ ಅಂದರು, ನಾನು ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿ ಇಟ್ಟುಕೊಂಡೆ. ಚೀನಾದಲ್ಲಿ ಮಗುವಿನ ಮೊದಲ ಕೂದಲಿನಿಂದ ಕುಂಚ ಕಟ್ಟಿಸಿ ಇಡುವ ರೂಢಿ ಉಂಟು, ಅದನ್ನು ಓದಿದ್ದೆ. ಅದರ ಗುಟ್ಟು ಹೇಳ್ತೇನೆ. ನಿನ್ನ ತಲೆಕೂದಲು ಎಷ್ಟು ಉದ್ದ ಇದ್ದರೂ ಅದರ ತುದಿ ಕತ್ತರಿ ಕಂಡದ್ದು, ಮೊಂಡು. ಮಗುವಿನ ಮೊದಲ ಕೂದಲಿನ ತುದಿ ಹುಟ್ಟಿದ ಹಾಗೆಯೇ ಉಂಟು, ಕತ್ತರಿ ತಾಗಿಲ್ಲ. ಆ ತುದಿಯೇ ಕುಂಚದ ಮೊನೆ. ಕರುವಿನ ಕಿವಿಯೂ ಅದಕ್ಕೇ. ಅದಕ್ಕೇ ಕುಂಚದ ಮೊನೆ ಕೆಟ್ಟರೆ ಯಾವ ಕಾರಣಕ್ಕೂ ಕತ್ತರಿಯಲ್ಲಿ ಸರಿಮಾಡಬಾರದು. ಒಮ್ಮೆ ಕತ್ತರಿಸಿದರೆ ಅದು ಮತ್ತೆ ಚಪಾತಿಗೆ ಎಣ್ಣೆ ಸವರುವುದಕ್ಕೇ.

— ಕಟ್ಟೂದು ಹೆಂಗ?

— ಮೊದಲು ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ಜಿಡ್ಡಿದ್ದರೆ ನೀರು ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಒಣಗಿದ ಮೇಲೆ ಹೇನಿನ ಬಾಚಣಿಗೆಯಲ್ಲಿ ಬಾಚಿ ಬುಡದ ತುಪ್ಪುಳ ತೆಗೆ. ಆಡಿನ ಕೂದಲಾದರೆ ತುಪ್ಪುಳವೇ ಅರ್ಧ ಇರ್ತದೆ. ಆಮೇಲೆ ಎಲ್ಲ ಎಳೆಯೂ ಒಂದೇ ಮುಖ ಆಗಬೇಕು, ಬುಡ ಒಂದು ಕಡೆ, ತುದಿ ಒಂದು ಕಡೆ. ಒಂದು ಎಳೆ ತಲೆಕೆಳಗಾದರೂ ಮೊನೆಯಲ್ಲಿ ಮುಳ್ಳಿನ ಹಾಗೆ ಎದ್ದು ನಿಲ್ತದೆ. ಇದಕ್ಕೆ ಭೂತಗನ್ನಡಿ ಬೇಕು, ತಾಳ್ಮೆ ಬೇಕು. ನನಗೆ ಮೂರು ಸಂಜೆ ಹಿಡಿಯಿತು.

ನಂತರ ಮೊನೆ ಕೂಡಿಸುವುದು. ಕಾರ್ಖಾನೆಯಲ್ಲಿ ಅದಕ್ಕೆ ಒಳಗೆ ಮೊನೆಯ ಆಕಾರ ಕೊರೆದ ಸಣ್ಣ ಲೋಹದ ಬಟ್ಟಲು ಇರ್ತದೆ. ನಾನು ಹಳೇ ಫೌಂಟನ್ ಪೆನ್ನಿನ ಮುಚ್ಚಳ ತಗೊಂಡೆ, ಅದರ ಒಳಗೂ ಬುಡ ಚೂಪಾಗಿರ್ತದೆ. ಕೂದಲಿನ ಕಟ್ಟನ್ನು ತುದಿ ಕೆಳಗಾಗಿ ಇಳಿಸಿ ಮೇಜಿನ ಮೇಲೆ ಮೆಲ್ಲಗೆ ಕುಟ್ಟು. ಎಳೆಗಳೆಲ್ಲ ತಾವಾಗಿ ಜಾರಿ ಮೊನೆಯಾಗಿ ಕೂತುಕೊಳ್ತವೆ. ಈಗ ಬುಡಕ್ಕೆ ನೂಲು. ಮಲ್ಲಿಗೆ ಕಟ್ಟುವಾಗ ಬಾಳೆನಾರಿಗೆ ಹಾಕ್ತಾರಲ್ಲ, ಎಳೆದಷ್ಟೂ ಬಿಗಿಯುವ ಗಂಟು, ಅದು. ನನ್ನ ಹೆಂಡತಿಯೇ ಹಾಕಿಕೊಟ್ಟದ್ದು; ನನ್ನ ಗಂಟು ನಾಲ್ಕು ಸಲ ಬಿಚ್ಚಿಹೋಗಿತ್ತು.

— ಕಾಕೂನ ಖರೇ ಕಲಾವಿದೆ ಬಿಡ್ರಿ.

— ಅದು ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು. ಬುಡವನ್ನು ಸಮ ಕತ್ತರಿಸಿ, ಕತ್ತರಿಸುವುದು ಬುಡವನ್ನೇ, ಅರಾಲ್ಡೈಟಿನಲ್ಲಿ ಅದ್ದಿದೆ. ಸೋಮೇಶ್ವರನಿಗೆ ಅರಗು, ನಮಗೆ ಅರಾಲ್ಡೈಟ್. ಕೂದಲು ಎಷ್ಟು ಹೊರಗೆ ಕಾಣ್ತದೋ ಅದರ ಅರ್ಧದಷ್ಟಾದರೂ ಕೊಳವೆಯ ಒಳಗೆ ಇರಬೇಕು. ಅಗ್ಗದ ಕುಂಚದಲ್ಲಿ ಅಲ್ಲೇ ಉಳಿತಾಯ ಮಾಡ್ತಾರೆ, ಅದಕ್ಕೇ ಎಳೆ ಉದುರಿ ಆಕಾಶದಲ್ಲಿ ಅಂಟಿಕೊಳ್ಳುವುದು. ಕೊಳವೆಗೆ ನಾನು ಪಾರಿವಾಳದ ಗರಿಯ ಬುಡ ತಗೊಂಡೆ. ನವಿ ಮುಂಬಯಿಯಲ್ಲಿ ಅದಕ್ಕೆ ಬರ ಇಲ್ಲ, ನಮ್ಮ ಬಾಲ್ಕನಿಯಲ್ಲೇ ದಿನಕ್ಕೆ ಹತ್ತು ಬಿದ್ದಿರ್ತದೆ. ಬಿಸಿನೀರಿನಲ್ಲಿ ನೆನೆಸಿದರೆ ಗರಿ ಮೆತ್ತಗಾಗ್ತದೆ. ಹಿಂದಿನಿಂದ ಕಟ್ಟನ್ನು ತೂರಿಸಿ ಮೊನೆ ಹೊರಗೆಳೆದು ಒಣಗಲು ಬಿಟ್ಟರೆ ತಾನಾಗಿ ಬಿಗಿಯುತ್ತದೆ. ರಾಜಸ್ಥಾನದ ಮಿನಿಯೇಚರ್ ಚಿತ್ರಗಾರರು ಅಳಿಲಿನ ಕೂದಲನ್ನು ಗರಿಗೆ ಸೇರಿಸುವುದು ಹೀಗೆಯೇ. ಆಚೆ ಕಡೆಗೆ ಬಿದಿರು ಕಡ್ಡಿ, ಮೇಲೆ ಸುತ್ತಿ ನೂಲು. ಮುಗೀತು.

— ಬರೀತದೇನ್ರಿ ಇದು?

— ಸತ್ಯ ಹೇಳಲಾ? ಅಷ್ಟಕ್ಕಷ್ಟೇ. ನೀರು ಚೆನ್ನಾಗಿ ಹಿಡೀತದೆ, ಮೊನೆಯೂ ಬರ್ತದೆ. ಪುಟಿತ ಇಲ್ಲ. ಬಗ್ಗಿಸಿದರೆ ಬಗ್ಗಿಯೇ ಇರ್ತದೆ, ಹಟ ಮಾಡುವ ಮಗುವೇ. ಮೋಡಕ್ಕೆ ಆಗ್ತದೆ, ಗುಡ್ಡದ ಅಂಚಿಗೆ ಆಗುವುದಿಲ್ಲ. ವರ್ಷಕ್ಕೆ ಒಂದು ಸಲ, ಅವನ ಹುಟ್ಟಿದಹಬ್ಬದ ದಿನ, ಅದರಲ್ಲಿ ಒಂದು ಮೋಡ ಬರೀತೇನೆ. ಉಳಿದ ಕೆಲಸಕ್ಕೆ ನಾನೂ ನಿನ್ನ ಹಾಗೆ ಪ್ಲಾಸ್ಟಿಕ್ಕೇ. ಈಗಿನ ಒಳ್ಳೆಯ ಸಿಂಥೆಟಿಕ್ ಕುಂಚ ಹತ್ತು ವರ್ಷದ ಹಿಂದಿನ ಹಾಗಿಲ್ಲ. ಎಳೆಯನ್ನು ಅಲೆಯಾಗಿ ಮಡಚಿ, ದಪ್ಪ ಸಪೂರ ಎಳೆ ಬೆರೆಸಿ, ನೀರು ನಿಲ್ಲುವ ಹಾಗೆ ಮಾಡಿದ್ದಾರೆ. ಕೊಲಿನ್‌ಸ್ಕಿಯ ಸಮ ಅಂತ ನಾನು ಹೇಳುವುದಿಲ್ಲ, ಅದು ಸುಳ್ಳಾಗ್ತದೆ. ಮೊನೆ ಬೇಗ ಸವೆಯುತ್ತದೆ, ನೀರು ಸ್ವಲ್ಪ ಅವಸರದಲ್ಲಿ ಬಿಡ್ತದೆ. ಆ ಅವಸರಕ್ಕೆ ಕೈ ಒಗ್ಗಿಸಿಕೊಳ್ಳಬಹುದು. ನನಗೆ ಅರವತ್ತೆರಡನೇ ವಯಸ್ಸಿನಲ್ಲಿ ಒಗ್ಗಿತು, ನಿನಗೆ ಒಗ್ಗುವುದಿಲ್ಲವಾ?

— ಹಂಗಾದ್ರ ಎಷ್ಟು ಬ್ರಷ್ ಬೇಕು ನನಗ?

— ಮೂರು. ಹತ್ತೋ ಹನ್ನೆರಡೋ ನಂಬರಿನ ಒಂದು ದುಂಡು. ಒಂದು ಅಂಗುಲದ ಒಂದು ಚಪ್ಪಟೆ, ಆಕಾಶಕ್ಕೆ ತೆಳು ಬಣ್ಣದ ವಾಶ್ ಹಾಕುವುದಕ್ಕೆ. ಮೂರನೆಯದು ರಿಗ್ಗರ್. ಉದ್ದ ಕೂದಲಿನ, ಸಪೂರದ್ದು. ಹಿಂದೆ ಹಾಯಿಹಡಗಿನ ಹಗ್ಗಗಳನ್ನು ಬರೆಯುವುದಕ್ಕೆ ಅಂತಲೇ ಮಾಡಿದ್ದು, ಹೆಸರೂ ಅದರಿಂದಲೇ ಬಂತು. ಬೇರೆ ಊರಿನವರಿಗೆ ಇಲ್ಲದಿದ್ದರೂ ನಡೀತದೆ, ಮಹಾಪೆಯವರಿಗೆ ಅದು ಬೇಕೇ ಬೇಕು.

— ಯಾಕ?

— ಹೊರಗೆ ನೋಡು. ಪಾರಸಿಕ್ ಗುಡ್ಡ ಎಲ್ಲಿ ನೋಡಿದರೂ ಅದರ ಎದುರು ಹೈಟೆನ್ಷನ್ ತಂತಿ. ತಂತಿ ಬಿಟ್ಟು ಗುಡ್ಡ ಬರೆದರೆ ಅದು ಮಹಾಪೆ ಆಗುವುದಿಲ್ಲ, ಯಾವುದೋ ಕ್ಯಾಲೆಂಡರ್ ಆಗ್ತದೆ. ಒಂದೇ ಉಸಿರಿಗೆ ಕಂಬದಿಂದ ಕಂಬಕ್ಕೆ ಎಳೆಯಬೇಕು. ಖಾಡಿಯ ಅಳಿವೆ ಕಡೆ ಹೋದರೆ ಕೋಳಿ ಮೀನುಗಾರರ ದೋಣಿಯ ಹಗ್ಗಕ್ಕೂ ಅದೇ, ಫ್ಲೆಮಿಂಗೋ ಕಾಲಿಗೂ ಅದೇ.

— ಈ ಮಳ್ಯಾಗ ಬ್ರಷ್ ಇಡೂದು ಹೆಂಗ್ರಿ? ನಮ್ಮ ರೂಮಿನ್ಯಾಗ ಚಪ್ಪಲಿಗೂ ಬೂಸ್ಟ ಬಂದೈತಿ.

— ಅದೇ ದೊಡ್ಡ ಪಾಡು ಇಲ್ಲಿ. ಒದ್ದೆ ಕುಂಚವನ್ನು ಡಬ್ಬಿಗೆ ಹಾಕಬೇಡ. ಮೊನೆ ಮೇಲಾಗಿ ಲೋಟದಲ್ಲಿಯೂ ನಿಲ್ಲಿಸಬೇಡ, ನೀರು ಕುತ್ತಿಗೆಗೆ ಇಳಿದು ಅಲ್ಲೇ ಕೊಳೆಸ್ತದೆ. ಮೈ ಸೋಪು ಹಚ್ಚಿ ಅಂಗೈಯಲ್ಲಿ ತಿಕ್ಕಿ ತೊಳೆದು, ಬೆರಳಲ್ಲಿ ಮೊನೆ ಮಾಡಿ, ಫ್ಯಾನಿನ ಕೆಳಗೆ ಅಡ್ಡ ಮಲಗಿಸು. ನೀರಿನ ಲೋಟದಲ್ಲಿ ಮೊನೆ ಊರಿ ನಿಲ್ಲಿಸಿ ಫೋನಿನಲ್ಲಿ ಮಾತಾಡುವವರನ್ನು ನೋಡಿದರೆ ನನಗೆ ಬೈಯುವ ಅಂತ ಆಗ್ತದೆ. ಕೂದಲಿನ ಕುಂಚ ಇದ್ದರೆ ಡಬ್ಬಿಯಲ್ಲಿ ಒಂದು ನ್ಯಾಫ್ತಲೀನ್ ಗುಳಿಗೆ. ಹುಳಕ್ಕೆ ಕೊಲಿನ್‌ಸ್ಕಿಯೂ ಒಂದೇ, ಆಡೂ ಒಂದೇ.

— ಮಳಿ ನಿಂತಂಗಾತು. ಈ ಹನ್ನೆರಡರಾಗ ಯಾವ್ಯಾವ ಇಟ್ಟುಕೊಳ್ಳಲಿ?

— ಎಂಟು ಇರಲಿ. ಆ ಚಪ್ಪಟೆಯದ್ದೂ ಇರಲಿ, ಮುಕ್ಕಾಲು ಅಂಗುಲ ಇದ್ದರೂ ನಡೀತದೆ. ಉಳಿದ ಹತ್ತನ್ನು ನಿನ್ನ ಕಂಪ್ಯೂಟರ್ ಕೀಬೋರ್ಡಿನ ಧೂಳು ತೆಗೆಯುವುದಕ್ಕೆ ಇಟ್ಟುಕೋ. ರಿಗ್ಗರ್ ಇವತ್ತಿಗೆ ನಂದು ತಗೋ. ಮತ್ತೆ, ಗಣಪತಿ ಹಬ್ಬಕ್ಕೆ ಊರಿಗೆ ಹೋಗ್ತೀಯಲ್ಲ?

— ಹೋಗ್ತೀನಿ. ನಮ್ಮ ದೊಡ್ಡಪ್ಪನ ಮನ್ಯಾಗ ಆಡು ಅದಾವ. ತರ್ಲೇನ್ರಿ ಕೂದಲಾ?

— ಅದೇ ಹೇಳುವ ಅಂತಿದ್ದೆ. ಗಡ್ಡದ್ದು ಬೇಡ, ಒರಟು. ಹೊಟ್ಟೆಯ ಕಡೆಯದ್ದು, ಬುಡದಲ್ಲಿ ಕತ್ತರಿಸಿ ನೂಲು ಕಟ್ಟಿ ತಾ. ಬುಡ ಯಾವುದು, ತುದಿ ಯಾವುದು ಅಂತ ಗುರುತು ಹಾಕಿ ತಾ. ಒಂದು ಮುಷ್ಟಿ ಸಾಕು. ತುದಿಗೆ ಕತ್ತರಿ ತಾಗಿಸಬೇಡ ಅಂತ ದೊಡ್ಡಪ್ಪನಿಗೆ ಈಗಲೇ ಫೋನ್ ಮಾಡಿ ಹೇಳು.